ಪಟ್ಟೆ ಡೇರೆ ಮತ್ತು ದೊಡ್ಡಮ್ಮನ ಕೈಗುಣ

ಹೊಸ ನಕ್ಷತ್ರ ಕಂಡುಹಿಡಿದವರ ಫೋಟೋ ಪೇಪರಿನಲ್ಲಿ ಬರುತ್ತದೆ. ಗಿಡಕ್ಕೆ ಬರುವ ಹೊಸ ವೈರಸ್ ಕಂಡುಹಿಡಿದವಳನ್ನು ಜನ ಕೇಳುವುದು ಒಂದೇ ಮಾತು, ಅದಕ್ಕೆ ಮದ್ದೆಂತ? ಮದ್ದಿಲ್ಲ ಎಂದರೆ, ಹಾಗಾದರೆ ಕಂಡುಹಿಡಿದದ್ದಾದರೂ ಯಾಕೆ ಎನ್ನುವ ಮುಖ ಮಾಡುತ್ತಾರೆ. ಗಿಡದ ವೈರಸ್ಸಿಗೆ ಮದ್ದಿಲ್ಲ ಮಾರಾಯರೇ. ಕಿತ್ತು ಸುಡಬೇಕು, ಅಷ್ಟೆ. ಇಷ್ಟು ಹೇಳುವುದಕ್ಕೆ ಇವಳು ಅಷ್ಟು ವರ್ಷ ಓದಬೇಕಿತ್ತೇ ಎಂದು ನನ್ನ ಅಮ್ಮನಿಗೇ ಅನುಮಾನ.

ಅದರಲ್ಲೂ ನನ್ನದು ಹೂವಿನ ಗಿಡಗಳ ವೈರಸ್. ಅಡಿಕೆ ತೋಟಗಳಿಗೆ ಎಲೆಚುಕ್ಕೆ ಬಂದು ಜನ ತಲೆ ಮೇಲೆ ಕೈ ಹೊತ್ತು ಕೂತಿರುವಾಗ ನಾನು ದಾಸವಾಳದ ಎಲೆ ತಿರುಗಿಸಿ ನೋಡುತ್ತೇನೆ ಎಂದರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ? ಸಾಗರದಲ್ಲಿ ನಮ್ಮ ಬೀದಿಯವರು ಮದುವೆ ಮನೆಯಲ್ಲಿ ಪಕ್ಕ ಕೂತರೆ ಅದನ್ನೇ ಎತ್ತುತ್ತಾರೆ. ಎಲೆಚುಕ್ಕೆ ಶಿಲೀಂಧ್ರದಿಂದ ಬರುವುದು, ಅದನ್ನು ನೋಡುವವರು ಬೇರೆ ಇದ್ದಾರೆ ಎಂದು ವಿವರಿಸುವಷ್ಟರಲ್ಲಿ ಹೋಳಿಗೆ ತಣ್ಣಗಾಗಿರುತ್ತದೆ. ಈಗ ವಿವರಿಸುವುದನ್ನು ಬಿಟ್ಟಿದ್ದೇನೆ. ಹೋಳಿಗೆ ಮೊದಲು.

ಹೀಗಿರುವ ನನಗೆ ನಿಜವಾಗಿಯೂ ಒಂದು ಹೊಸ ವೈರಸ್ ಸಿಕ್ಕಿತು. ಸಿಕ್ಕಿದ್ದು ಎಲ್ಲಿ ಎಂದರೆ ನನ್ನ ಸ್ವಂತ ದೊಡ್ಡಮ್ಮನ ಮನೆಯಂಗಳದಲ್ಲಿ. ಇಷ್ಟು ದೊಡ್ಡ ಮಲೆನಾಡಿನಲ್ಲಿ ಅದಕ್ಕೆ ಬೇರೆ ಜಾಗವೇ ಸಿಗಲಿಲ್ಲವೇ ಎಂದು ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ. ತೀರ್ಥಹಳ್ಳಿ ಪೇಟೆ ಮುಗಿಯುವಲ್ಲಿ, ಬಸ್ಸು ನಿಲ್ಲುವ ಜಾಗದ ಎದುರಿಗೇ ಅವಳ ತಾರಸಿ ಮನೆ. ಮಗ, ಸೊಸೆ, ಮೊಮ್ಮಕ್ಕಳು, ಟಿವಿ, ಮಿಕ್ಸಿ ಎಲ್ಲ ಸೇರಿ ಅಲ್ಲಿ ಯಾವಾಗಲೂ ಗಲಾಟೆ. ಗಲಾಟೆಯಿಂದ ತಪ್ಪಿಸಿಕೊಳ್ಳಲು ದೊಡ್ಡಮ್ಮ ಅಂಗಳದಲ್ಲಿರುತ್ತಾಳೆ. ಅಂಗಳದ ಉದ್ದಕ್ಕೂ ಅವಳ ಡೇರೆ ಪಾತಿ. ಪೇಟೆಯ ನರ್ಸರಿಯವರು ಡೇಲಿಯಾ ಎನ್ನುವ ಹೂವನ್ನು ನಾವು ಡೇರೆ ಎನ್ನುತ್ತೇವೆ. ಮಳೆ ಹಿಡಿಯುವಾಗ ಗೆಡ್ಡೆ ನೆಟ್ಟರೆ ಚೌತಿ ಹೊತ್ತಿಗೆ ಊಟದ ತಟ್ಟೆಯಷ್ಟಗಲ ಅರಳಿ ನಿಲ್ಲುತ್ತದೆ. ನಮ್ಮ ಕಡೆಯ ಹೆಂಗಸರಿಗೆ ಅದರ ಮೇಲಿರುವ ಆಸೆ ಬಂಗಾರದ ಮೇಲೂ ಇಲ್ಲ ಎಂದರೆ ಚಿನ್ನದಂಗಡಿಯವರು ಬೇಜಾರು ಮಾಡಿಕೊಳ್ಳಬಾರದು.

ದೊಡ್ಡಮ್ಮನ ಕೈಗುಣಕ್ಕೆ ಮೂರು ತಾಲ್ಲೂಕಿನಲ್ಲಿ ಹೆಸರಿತ್ತು. ಅವಳು ಮುಟ್ಟಿದ್ದೆಲ್ಲ ಚಿಗುರುತ್ತದೆ ಎನ್ನುತ್ತಿದ್ದರು. ಆ ಹೆಸರಿಗೆ ಕಿರೀಟ ಇಟ್ಟದ್ದು ಪಟ್ಟೆ ಡೇರೆ. ಕೆಲವು ಮಳೆಗಾಲದ ಹಿಂದೆ ಅವಳ ಮಾಮೂಲಿ ಕೆಂಪು ಡೇರೆಯ ಒಂದು ಬುಡದಲ್ಲಿ ಹೂವು ಪಟ್ಟೆ ಪಟ್ಟೆಯಾಗಿ ಬಂತು. ಕೆಂಪು ಎಸಳಿನ ಮೇಲೆ ತೆಳು ಹಳದಿ ಗೀರು. ಎರಡು ಹೂವು ಒಂದೇ ತರ ಇರುತ್ತಿರಲಿಲ್ಲ. ಅಂಥದ್ದನ್ನು ಯಾರೂ ನೋಡಿರಲಿಲ್ಲ. ಇದು ನರ್ಸರಿಯದ್ದಲ್ಲ, ನನ್ನ ಕೈಯಲ್ಲೇ ಹುಟ್ಟಿದ್ದು ಎಂದು ದೊಡ್ಡಮ್ಮ ಬಂದವರಿಗೆಲ್ಲ ಹೇಳಿದಳು. ಹೊಸನಗರದಿಂದ, ಸಾಗರದಿಂದ ಹೆಂಗಸರು ಯಾವುದಾದರೂ ನೆಪ ಮಾಡಿಕೊಂಡು ತೀರ್ಥಹಳ್ಳಿಗೆ ಬರತೊಡಗಿದರು.

ಇಲ್ಲಿ ಒಂದು ಕ್ರಮ ಹೇಳಬೇಕು. ನಮ್ಮಲ್ಲಿ ಡೇರೆ ಕುಡಿಯನ್ನು ಕೇಳಿ ತರುವಂತಿಲ್ಲ. ಕೇಳಿ ತಂದದ್ದು ಕೊಳೆಯುತ್ತದೆ, ಕದ್ದು ತಂದದ್ದೇ ಬೇರು ಬಿಡುತ್ತದೆ ಎನ್ನುವುದು ಹೆಂಗಸರ ಗಟ್ಟಿ ನಂಬಿಕೆ. ಹಾಗೆಂದು ಬೇಲಿ ಹಾರುವ ಕಳ್ಳತನವಲ್ಲ ಇದು. ಬಂದವಳು ಹೂವಿನ ಎದುರು ನಿಂತು ಬಣ್ಣ ಹೊಗಳುತ್ತಾಳೆ. ಮನೆಯವಳಿಗೆ ಅರ್ಥವಾಗುತ್ತದೆ. ಕೂತಿರಿ, ಕಾಫಿ ಮಾಡಿಕೊಂಡು ಬರುತ್ತೇನೆ ಎಂದು ಒಳಗೆ ಹೋಗಿ, ಬೇಕೆಂದೇ ಪಾತ್ರೆ ಸದ್ದು ಮಾಡುತ್ತಾಳೆ. ಅಷ್ಟರಲ್ಲಿ ಬಂದವಳು ಉಗುರಿನಲ್ಲಿ ಕುಡಿ ಚಿವುಟಿ ಬ್ಯಾಗಿಗೆ ಸೇರಿಸಿರುತ್ತಾಳೆ. ಕಾಫಿ ಕುಡಿಯುವಾಗ ಇಬ್ಬರೂ ಡೇರೆ ವಿಷಯ ಎತ್ತುವುದಿಲ್ಲ, ಆಮೇಲೆ ಜನ್ಮದಲ್ಲಿ ಎತ್ತುವುದಿಲ್ಲ. ಎತ್ತಿದರೆ ಗಿಡ ಸಾಯುತ್ತದಂತೆ. ಪಟ್ಟೆ ಡೇರೆ ಬಂದ ಮೇಲೆ ದೊಡ್ಡಮ್ಮನ ಮನೆಯಲ್ಲಿ ಕಾಫಿಪುಡಿ ತಿಂಗಳ ನಡುವೆಯೇ ಖಾಲಿಯಾಗುತ್ತಿತ್ತು ಎಂದು ಅವಳ ಸೊಸೆ ಹೇಳುತ್ತಾಳೆ.

ನಾನು ಆ ಹೂವನ್ನು ನೋಡಿದ್ದು ಹೋದ ವರ್ಷದ ಚೌತಿಗೆ. ಚೆಂದವೇ ಇತ್ತು, ಸುಳ್ಳು ಯಾಕೆ ಹೇಳಲಿ. ಡೇರೆಯಲ್ಲಿ ಹುಟ್ಟಾ ಪಟ್ಟೆ ಇರುವ ಜಾತಿಗಳೂ ಇವೆ, ಆದ್ದರಿಂದ ಹೂವಿನ ಮೇಲೆ ನನಗೆ ಸಂಶಯ ಬರಲಿಲ್ಲ. ಆದರೆ ಹೂವು ನೋಡಿ ಸುಮ್ಮನಿರುವ ಪುಣ್ಯ ನನ್ನ ಕಸುಬಿನವರಿಗಿಲ್ಲ. ಕಣ್ಣು ಎಲೆಗೆ ಹೋಯಿತು. ಎಲೆ ಅಲ್ಲಲ್ಲಿ ಹಸಿರು, ಅಲ್ಲಲ್ಲಿ ತಿಳಿಹಳದಿ, ಸರಿಯಾಗಿ ಕಲಸದ ಹಿಟ್ಟಿನಂತೆ ಗಂಟುಗಂಟು. ರೋಗ ಹತ್ತಿದ ಎಲೆ ಇರುವುದೇ ಹಾಗೆ. ದೊಡ್ಡಮ್ಮ ಕಾಫಿಗೆಂದು ಒಳಗೆ ಹೋದಾಗ ಒಂದೆರಡು ಎಲೆ ಕಿತ್ತು ಕವರಿಗೆ ಹಾಕಿಕೊಂಡೆ. ಕ್ರಮ ಪಾಲಿಸಿದೆನಲ್ಲ, ಯಾರೂ ತಪ್ಪು ಹೇಳುವಂತಿಲ್ಲ.

ಮೊದಲು ಸಂಶಯ ಬಂದದ್ದು ಅವಳ ಕವಳದ ಮೇಲೆ. ದೊಡ್ಡಮ್ಮ ಎಲೆಅಡಿಕೆಗೆ ಹೊಗೆಸೊಪ್ಪು ಸೇರಿಸುತ್ತಾಳೆ. ಹೊಗೆಸೊಪ್ಪಿನಲ್ಲಿ ಒಂದು ಹಳೇ ವೈರಸ್ ಇರುತ್ತದೆ. ಎಲೆ ಒಣಗಿ ವರ್ಷವಾದರೂ ಅದು ಸಾಯುವುದಿಲ್ಲ, ಹೊಗೆಸೊಪ್ಪು ತಿಕ್ಕಿದ ಬೆರಳಿನಲ್ಲಿ ಗಿಡ ಮುಟ್ಟಿದರೆ ಗಿಡಕ್ಕೆ ಹತ್ತಿಕೊಳ್ಳುತ್ತದೆ. ಇದೂ ಅದೇ ಇರಬೇಕು, ದೊಡ್ಡಮ್ಮನಿಗೆ ಕವಳ ಬಿಡಿಸಲು ಒಳ್ಳೆಯ ನೆಪ ಸಿಕ್ಕಿತು ಎಂದುಕೊಂಡೆ. ಅದನ್ನು ಪತ್ತೆ ಮಾಡಲು ಬಸಿರು ಪರೀಕ್ಷೆಯ ಕಡ್ಡಿಯಂಥದ್ದೇ ಒಂದು ಪಟ್ಟಿ ಬರುತ್ತದೆ. ಎಲೆಯ ರಸಕ್ಕೆ ಅದ್ದಿದರೆ ಗೆರೆ ಮೂಡಬೇಕು. ಮೂಡಿತು, ಆದರೆ ಇದೆಯೋ ಇಲ್ಲವೋ ಎನ್ನುವಷ್ಟು ಮಾಸಲಾಗಿ. ಹೌದಾದರೆ ಹೌದೆನ್ನಬೇಕು, ಅಲ್ಲವಾದರೆ ಅಲ್ಲ ಎನ್ನಬೇಕು. ಇಂಥ ಅಡ್ಡಗೋಡೆ ಮೇಲೆ ದೀಪ ಇಡುವ ಉತ್ತರ ಕಂಡರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ.

ಹಠಕ್ಕೆ ಬಿದ್ದೆ. ಡೇರೆ ಎಲೆಯ ರಸವನ್ನು ನಮ್ಮ ಪ್ರಯೋಗಾಲಯದ ಹೊಗೆಸೊಪ್ಪಿನ ಗಿಡಕ್ಕೆ, ಮೆಣಸಿನ ಸಸಿಗೆ ಉಜ್ಜಿ ಕಾದೆ. ಹಳೇ ವೈರಸ್ಸಾಗಿದ್ದರೆ ಹೊಗೆಸೊಪ್ಪಿನ ಎಲೆ ಒಂದು ರೀತಿ ಆಗಬೇಕಿತ್ತು, ಇನ್ನೊಂದೇ ರೀತಿ ಆಯಿತು. ಮೆಣಸಿನ ಸಸಿಯಂತೂ ಮುರುಟಿ ಕೂತಿತು. ದೊಡ್ಡ ಸೂಕ್ಷ್ಮದರ್ಶಕದಲ್ಲಿ ನೋಡಿಸಿದರೆ ಸಣ್ಣ ಸಣ್ಣ ಕಡ್ಡಿಗಳು, ಆ ಹಳೇ ವೈರಸ್ಸಿನ ಕುಟುಂಬದ್ದೇ. ಕೊನೆಗೆ ಅದರ ಜೀನುಗಳನ್ನು ಓದಿಸಲು ಬೆಂಗಳೂರಿಗೆ ಕಳಿಸಿದೆವು. ಉತ್ತರ ಬಂದಾಗ ಈವರೆಗೆ ಗೊತ್ತಿರುವ ಯಾವ ವೈರಸ್ಸಿಗೂ ಅದು ಪೂರ್ತಿ ಹೊಂದಲಿಲ್ಲ. ನಮ್ಮ ಮೇಲಿನವರು ಕುಣಿಯುವ ಮೊದಲು ಇನ್ನೊಮ್ಮೆ ಮಾಡಿ ಎಂದರು. ಇನ್ನೊಮ್ಮೆ ಮಾಡಿದೆವು. ಹೊಸದೇ. ನನಗೆ ಆ ದಿನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಯಾರೂ ನೋಡದ್ದನ್ನು ನಾನು ನೋಡಿದ್ದೆ, ಅದೂ ನಮ್ಮೂರಿನಲ್ಲಿ.

ಮನೆಗೆ ಬರುವ ದಾರಿಯಲ್ಲಿ ಕುಣಿತ ಇಳಿಯಿತು. ಈಗ ಇದನ್ನು ದೊಡ್ಡಮ್ಮನಿಗೆ ಹೇಳಬೇಕಾದವಳೂ ನಾನೇ.

ಹೋಗಿ ಹೇಳಿದೆ. ಹೊಸದು ಎಂದ ಕೂಡಲೇ ಅವಳ ಮುಖ ಅರಳಿತು. ತನ್ನ ಹೂವು ಹೊಸ ಜಾತಿ ಎಂದು ಸರ್ಕಾರ ಒಪ್ಪಿತು ಎಂದುಕೊಂಡಳು. ಆ ಮುಖ ನೋಡುತ್ತಾ ಉಳಿದದ್ದನ್ನು ಹೇಳುವುದು ಎಷ್ಟು ಕಷ್ಟವಾಯಿತು ಎಂದರೆ, ನಡುವೆ ಒಂದು ಸಲ ನೀರು ಕೇಳಿ ಕುಡಿದೆ. ಆ ಪಟ್ಟೆ ರೋಗದ ಗುರುತು ಎಂದೆ. ಈ ವೈರಸ್ಸನ್ನು ಹರಡುವುದು ಹುಳ ಅಲ್ಲ, ಗಾಳಿ ಅಲ್ಲ, ಮುಟ್ಟಿದ ಕೈ, ಚಿವುಟಿದ ಉಗುರು, ಕತ್ತರಿಸಿದ ಚಾಕು ಎಂದೆ. ಗಿಡ ಅಷ್ಟನ್ನೂ ಗೆಡ್ಡೆ ಸಮೇತ ಕಿತ್ತು ಸುಡಬೇಕು ಎಂದೆ. ದೊಡ್ಡಮ್ಮ ತನ್ನ ಎರಡೂ ಕೈ ಮುಂದೆ ಹಿಡಿದು ನೋಡಿಕೊಂಡಳು.

"ಹಂಗಾದ್ರೆ ಎಲ್ರೂ ನನ್ನ ಕೈಗುಣ, ಕೈಗುಣ ಅಂತಿದ್ರಲ್ಲ," ಎಂದಳು, "ಅದು ಇದೇನಾ?"

ಅಲ್ಲ ದೊಡ್ಡಮ್ಮ, ಹಾಗಲ್ಲ ಎಂದು ಏನೇನೋ ತೊದಲಿದೆ. ಮದ್ದಿಲ್ಲವೇ ಎಂದು ಕೇಳಿದಳು. ಗಿಡದ ತುತ್ತತುದಿಯ ಚೂರನ್ನು ಬಾಟಲಿಯಲ್ಲಿ ಬೆಳೆಸಿ ರೋಗ ಬಿಡಿಸಲು ನೋಡಬಹುದು, ಆದರೆ ರೋಗ ಹೋದರೆ ಪಟ್ಟೆಯೂ ಹೋಗುತ್ತದೆ, ಬರೀ ಕೆಂಪು ಹೂವು ಉಳಿಯುತ್ತದೆ ಎಂದೆ. ಪಟ್ಟೆ ಹೋದ ಮೇಲೆ ಅದು ಯಾರದೋ ಡೇರೆ, ನನ್ನದಲ್ಲ ಎಂದು ಎದ್ದು ಒಳಗೆ ಹೋದಳು. ಆಮೇಲೆ ನನ್ನೊಡನೆ ಮಾತೇ ಬಿಟ್ಟಳು. ನಾನು ಎದುರಿಗೇ ಕೂತಿದ್ದರೂ, ಅವಳಿಗೆ ಚಟ್ನಿ ಬೇಕಾ ಕೇಳು ಎಂದು ಸೊಸೆಗೆ ಹೇಳುತ್ತಿದ್ದಳು.

ಅವಳ ಸಿಟ್ಟು ಒಂದು ಕಡೆ. ಇನ್ನೊಂದು ಕಡೆ, ಕುಡಿಗಳು ಯಾವ ಯಾವ ಮನೆ ಸೇರಿವೆ ಎಂದು ಗೊತ್ತಾಗಬೇಕಿತ್ತು. ಹೂವೊಂದಕ್ಕೇ ಆಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದು. ಮೆಣಸಿನ ಗಿಡಕ್ಕೂ ಹತ್ತುವ ರೋಗವಿದು. ದೊಡ್ಡಮ್ಮನ ಹಿತ್ತಲಿನ ಜೀರಿಗೆ ಮೆಣಸಿನ ಎಲೆಯೂ ಗಂಟುಗಂಟಾಗಿತ್ತು. ಅದು ಈ ಸಲದ ಮಳೆಗೆ ಆದದ್ದು ಎಂದು ಅವಳ ವಾದ. ಆ ವಾದವೂ ಸೊಸೆಯ ಮೂಲಕವೇ ಬಂತು.

ನಾನು ಪತ್ತೇದಾರಿಗೆ ಹೊರಟೆ. ಅಯ್ಯೋ, ಅಂಥ ಬುದ್ಧಿ ಯಾರಿಗೂ ಬರುವುದು ಬೇಡ. ಒಬ್ಬ ಹೆಂಗಸಾದರೂ ಬಾಯಿ ಬಿಡಬೇಕಲ್ಲ. ಹೊಸನಗರದ ನಿವೃತ್ತ ಟೀಚರೊಬ್ಬರ ಮನೆಯ ಅಂಗಳದಲ್ಲಿ ಪಟ್ಟೆ ಡೇರೆ ಎದ್ದು ಕಾಣುತ್ತಿದೆ, ಎಲ್ಲಿಂದ ತಂದಿರಿ ಎಂದರೆ ತಾನಾಗೇ ಹುಟ್ಟಿದ್ದು ಎಂದರು. ಸಾಗರದಲ್ಲಿ ಇನ್ನೊಬ್ಬರು ಕೋಳಿ ಕೆದಕಿದ ಜಾಗದಲ್ಲಿ ಬಂತು ಎಂದರು. ಮತ್ತೊಬ್ಬರ ಮನೆಗೆ ಅದು ಗೊಬ್ಬರದ ಜೊತೆ ಬಂದಿತ್ತಂತೆ. ಮುಖದ ಮೇಲೆ ಒಂದು ಗೆರೆ ಅಲುಗಿದರೆ ಕೇಳಿ. ಕದ್ದದ್ದು ಎಂದು ಹೇಳಿದರೆ ಗಿಡ ಸಾಯುತ್ತದಲ್ಲ, ಹೇಗೆ ಹೇಳುತ್ತಾರೆ?

ಎಲ್ಲ ಗೊತ್ತಿದ್ದವಳು ಒಬ್ಬಳೇ, ದೊಡ್ಡಮ್ಮ. ಅವಳ ಅಡಿಗೆಮನೆಯ ಕಿಟಕಿಯಿಂದ ಡೇರೆ ಪಾತಿ ನೇರ ಕಾಣುತ್ತದೆ. ಕಾಫಿ ಕುದಿಯುವಾಗ ಅವಳು ಅಲ್ಲೇ ನಿಂತಿರುತ್ತಿದ್ದಳು. ಯಾರು ಚಿವುಟಿದರು, ಯಾವ ಬ್ಯಾಗಿಗೆ ಹಾಕಿದರು ಎಲ್ಲ ಅವಳಿಗೆ ಬಾಯಿಪಾಠ. ಗೋಗರೆದೆ. ನಾನು ಹೆಸರು ಹೇಳಿದರೆ ಅವರ ಮನೆ ಗಿಡ ಸತ್ತುಹೋಗುತ್ತದೆ ಎಂದು ಸೊಸೆಯ ಕಡೆ ನೋಡಿ ಹೇಳಿದಳು. ನನಗೆ ಪಿತ್ತ ನೆತ್ತಿಗೇರಿತು. ಸಾಯಲಿ ಎಂದೇ ಅಲ್ಲವೇ ನಾನು ಬಂದಿರುವುದು ಎಂದು ಕೂಗಿಬಿಟ್ಟೆ. ಸೊಸೆ ನಗು ತಡೆಯಲಾಗದೆ ಹಿತ್ತಲಿಗೆ ಓಡಿದಳು. ದೊಡ್ಡಮ್ಮ ನಗಲಿಲ್ಲ.

ಅವಳ ಮನಸ್ಸು ತಿರುಗಿಸಿದ್ದು ನನ್ನ ವಿಜ್ಞಾನ ಅಲ್ಲ, ಒಂದು ವಿಡಿಯೋ ಕಾಲ್. ತುಮರಿಯಲ್ಲಿ ಅವಳ ಬಾಲ್ಯದ ಗೆಳತಿ ಇದ್ದಾರೆ. ಹಿನ್ನೀರಿನ ಆಚೆ ಅವರ ಮನೆ, ಮನೆ ಹಿಂದೆ ಮೆಣಸಿನ ಹೊಲ. ಆ ಹಸಿಮೆಣಸು ಸಾಗರದ ಸಂತೆಗೆ ಬಂದರೇ ಅವರ ಮನೆ ನಡೆಯುವುದು. ಅವರು ಫೋನನ್ನು ಹೊಲದ ಕಡೆ ತಿರುಗಿಸಿ, ಈ ಸಲ ಮೆಣಸೆಲ್ಲ ಎಂತದೋ ಆಗಿದೆ ಮಾರಾಯ್ತಿ, ಕಾಯಿ ಸೊಟ್ಟ, ಎಲೆ ಗಂಟುಗಂಟು ಎಂದು ತೋರಿಸಿದರಂತೆ. ಹೊಲದ ಅಂಚಿನಲ್ಲಿ ಪಟ್ಟೆ ಡೇರೆ ಸಾಲಾಗಿ ಅರಳಿ ನಿಂತಿದ್ದು ದೊಡ್ಡಮ್ಮನಿಗೆ ಕಂಡಿತು. ಗೆಳತಿಗೆ ಏನೂ ಹೇಳದೆ ಫೋನ್ ಇಟ್ಟಳು. ಆ ದಿನ ಅವಳು ಕವಳ ಹಾಕಲಿಲ್ಲ ಎಂದು ಸೊಸೆ ನನಗೆ ಗಾಬರಿಯಿಂದ ಹೇಳಿದಳು.

ಮರುದಿನ ಬೆಳಿಗ್ಗೆ ತೀರ್ಥಹಳ್ಳಿಯ ಮೊದಲ ಬಸ್ಸಿಗೆ ದೊಡ್ಡಮ್ಮ ಸಾಗರದ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದಳು. ಕಂಕುಳಲ್ಲಿ ಮಡಚಿದ ಗೊಬ್ಬರದ ಚೀಲಗಳು, ಕೈಯಲ್ಲಿ ಸಣ್ಣ ಗುದ್ದಲಿ.

"ನಾನೇ ಹೋಗಿ ಕದ್ಕಂಡ್ ಬರ್ತೀನಿ," ಎಂದಳು. "ಕಾರ್ ತೆಗಿ."

ಹೆಸರು ಹೇಳುವುದಿಲ್ಲ, ಆದರೆ ಮನೆ ತೋರಿಸುತ್ತಾಳಂತೆ. ಹಿಂದಿನ ರಾತ್ರಿಯೇ ಕುಡಿ ಒಯ್ದಿದ್ದವರಿಗೆಲ್ಲ ಫೋನ್ ಮಾಡಿ, ನನ್ನ ಪಟ್ಟೆ ಡೇರೆಗೆ ಕೆಟ್ಟ ರೋಗ ಬಂದಿದೆ, ಮೆಣಸಿಗೂ ಹತ್ತುತ್ತದಂತೆ, ಇರಲಿ, ನಾಳೆ ಆ ಕಡೆ ಬರುವುದಿದೆ, ಕಾಫಿ ಕುಡಿದು ಹೋಗುತ್ತೇನೆ ಎಂದಿದ್ದಳು. ಅಷ್ಟೇ. ನಿಮ್ಮ ಮನೆಯಲ್ಲಿ ಅದಿದೆಯೇ ಎಂದು ಒಬ್ಬರನ್ನೂ ಕೇಳಿರಲಿಲ್ಲ.

ನಾನು ಹಾಲಿನ ಪುಡಿ ಕಲಸಿದ ನೀರನ್ನು ಬಾಟಲಿಗಳಲ್ಲಿ ತುಂಬಿಕೊಂಡೆ. ಕೈಗೆ ಹಾಲು ಹಚ್ಚಿಕೊಂಡರೆ ಈ ಜಾತಿಯ ವೈರಸ್ ಗಿಡದಿಂದ ಗಿಡಕ್ಕೆ ಹೋಗುವುದು ಬಹಳ ಕಡಿಮೆಯಾಗುತ್ತದೆ. ದೊಡ್ಡಮ್ಮನಿಗೆ ವೈರಸ್ಸಿಗಿಂತ ಇದೇ ದೊಡ್ಡ ಆಘಾತ. ಹಾಲಿನಲ್ಲಿ ಕೈ ತೊಳೆಯುವುದಾ, ನಮ್ಮನೆಯಲ್ಲಿ ಚೆಲ್ಲಿದ ಹಾಲನ್ನು ದಾಟುವುದಿಲ್ಲ ಎಂದು ಹೊಸನಗರದವರೆಗೂ ಬೈದಳು. ಬೈಯುತ್ತಿದ್ದಾಳೆ ಎಂದರೆ ನನ್ನೊಡನೆ ಮಾತಾಡುತ್ತಿದ್ದಾಳೆ ಎಂದಾಯಿತಲ್ಲ. ನನಗೆ ಹಾಯೆನಿಸಿತು.

ಆ ದಿನದ ಕಳ್ಳತನ ಒಂದು ನೋಡುವಂಥದ್ದು. ಹೊಸನಗರದ ಟೀಚರು ನಮ್ಮನ್ನು ಕಂಡವರೇ, ಕೂತಿರಿ ಎಂದು ಒಳಗೆ ಹೋದರು. ಕುಡಿ ಚಿವುಟಲು ಒಂದು ಗಳಿಗೆ ಸಾಕು, ಗೆಡ್ಡೆ ಅಗೆಯಲು ಸಾಲುವುದಿಲ್ಲ ಎಂದು ಅವರಿಗೂ ಹೊಳೆದಿರಬೇಕು. ಒಳಗಿನಿಂದಲೇ, ಉಪ್ಪಿಟ್ಟು ಮಾಡುತ್ತೇನೆ, ರವೆ ಹುರಿಯಬೇಕು, ತಡವಾಗುತ್ತದೆ ಎಂದು ಕೂಗಿದರು. ದೊಡ್ಡಮ್ಮ ಗುದ್ದಲಿ ಹಾಕಿದಳು, ನಾನು ಚೀಲ ಹಿಡಿದೆ. ಉಪ್ಪಿಟ್ಟು ತಿನ್ನುವಾಗ ಅಂಗಳದ ಹೊಂಡದ ಕಡೆ ಯಾರೂ ನೋಡಲಿಲ್ಲ. ಸಾಗರದ ಕೋಳಿಯ ಮನೆಯವರು ಕೇಸರಿಬಾತ್ ಮಾಡಿದರು. ಗೊಬ್ಬರದ ಮನೆಯವರು ಹಾಲಿಲ್ಲ, ತರುತ್ತೇನೆ ಎಂದು ಮನೆಯನ್ನೇ ನಮಗೆ ಬಿಟ್ಟು ಅಂಗಡಿಗೆ ಹೋದರು. ತುಮರಿಗೆ ಹಿನ್ನೀರು ದಾಟುವ ಹೊಳೆಬಾಗಿಲು ತಲುಪುವಾಗ ಡಿಕ್ಕಿ ತುಂಬಿತ್ತು, ಹೊಟ್ಟೆ ಅದಕ್ಕಿಂತ ತುಂಬಿತ್ತು.

ಈಗ ಅಲ್ಲಿ ಲಾಂಚಿಗೆ ಕಾಯುವ ತಾಪತ್ರಯವಿಲ್ಲ, ಸೇತುವೆಯಾಗಿದೆ. ಸೇತುವೆ ಮೇಲೆ ಕಾರು ಸರಸರ ಹೋಗುವಾಗ ದೊಡ್ಡಮ್ಮ ಸೆರಗಿನ ತುದಿ ತಿರುವುತ್ತಿದ್ದಳು. ಲಾಂಚಾದರೆ ಏನು ಹೇಳಬೇಕು ಎಂದು ಯೋಚಿಸಲು ಹೊತ್ತಿರುತ್ತಿತ್ತು ಎಂದಳು.

ತುಮರಿಯ ಗೆಳತಿ ಕಾಫಿಗೆಂದು ಒಳಗೆ ಹೋಗಲಿಲ್ಲ. ನಮ್ಮನ್ನು ಹೊಲದ ಅಂಚಿಗೇ ಕರೆದುಕೊಂಡು ಹೋದರು. ಮೆಣಸಿನ ಗಿಡಗಳೂ ಹೋಗಬೇಕು ಎಂದು ನಾನು ಹೇಳಿದೆ. ದೊಡ್ಡಮ್ಮ ನೆಲ ನೋಡುತ್ತಾ, ಎಲ್ಲ ನನ್ನ ಕೈಯಿಂದಲೇ ಆಯಿತು ಕಣೇ ಎಂದಳು. ಅವರು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡರು.

"ನೀನೆಲ್ಲಿ ಕೊಟ್ಟಿದೀಯ? ಕದ್ದಿದ್ದು ನಾನು," ಎಂದರು. "ಸುಮ್ನೆ ನನ್ನ ಕಳ್ಳತನಕ್ಕೆ ನೀನು ಹೆಸರು ತಗಂಬೇಡ."

ಯಾರೂ ಹೇಳಬಾರದ ಮಾತನ್ನು ಅವರು ಹೇಳಿಬಿಟ್ಟಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ನಕ್ಕವಳು ದೊಡ್ಡಮ್ಮ. ಆಮೇಲೆ ಅತ್ತವಳೂ ಅವಳೇ. ಮೂವರೂ ಸೇರಿ ಅಗೆದೆವು. ಮುಂದಿನ ಹಂಗಾಮಿಗೆ ಅವರಿಗೆ ರೋಗವಿಲ್ಲದ ಸಸಿಯನ್ನು, ಬೇರೆ ಮಣ್ಣಿನಲ್ಲಿ ನೆಡಲು, ನಾನೇ ತಂದುಕೊಡುತ್ತೇನೆಂದು ಮಾತು ಕೊಟ್ಟೆ. ಅದನ್ನು ಉಳಿಸಿಕೊಂಡಿದ್ದೇನೆ.

ಚೀಲಗಳನ್ನು ತೀರ್ಥಹಳ್ಳಿಗೇ ತಂದು ಬಚ್ಚಲ ಒಲೆಗೆ ಹಾಕಿದೆವು. ಹಸಿ ಗೆಡ್ಡೆ ಉರಿಯಲು ಸತಾಯಿಸಿತು. ಎಲ್ಲ ಮುಗಿದ ಮೇಲೂ ಒಂದು ಪಾತಿ ಉಳಿದಿತ್ತು, ದೊಡ್ಡಮ್ಮನದು. ಅದರ ಸುದ್ದಿ ಅವಳೂ ಎತ್ತಲಿಲ್ಲ, ನನಗೂ ಧೈರ್ಯ ಬರಲಿಲ್ಲ. ವಾರ ಕಳೆದರೂ ಅಲ್ಲಿಂದ ಫೋನಿಲ್ಲ. ನಾನು ವರದಿ ಬರೆಯುತ್ತಾ ಕೂತಿದ್ದೆ. ವೈರಸ್ಸಿಗೆ ಒಂದು ಹೆಸರಿಡಬೇಕಿತ್ತು. ಸಿಕ್ಕ ಊರಿನ ಹೆಸರು ಸೇರಿಸೋಣವೇ ಎಂದು ಮೇಲಿನವರು ಕೇಳಿದರು. ಬೇಡವೇ ಬೇಡ, ಹೂವಿನ ಹೆಸರು, ಪಟ್ಟೆಯ ಹೆಸರು ಸಾಕು ಎಂದು ಜಗಳವಾಡಿದೆ. ಯಾಕೆ ಅಷ್ಟು ಸಿಟ್ಟು ಎಂದು ಅವರಿಗೆ ತಿಳಿಯಲಿಲ್ಲ.

ಕೊನೆಗೆ ಒಂದು ಭಾನುವಾರ ನಾನೇ ಹೋದೆ. ಬಿಸಿಲು ಬಿದ್ದಿತ್ತು. ಪಟ್ಟೆ ಡೇರೆ ಆ ದಿನ ಅರಳಿದಷ್ಟು ಚೆಂದ ಎಂದೂ ಅರಳಿರಲಿಲ್ಲ, ಹೊಟ್ಟೆಕಿಚ್ಚಿನ ಹೂವು. ದೊಡ್ಡಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ನಾನು ಬ್ಯಾಗ್ ಕೆಳಗಿಟ್ಟು ಹೂವಿನ ಎದುರು ನಿಂತೆ. ಬಾಯಿಗೆ ಬೇರೇನೂ ಬರಲಿಲ್ಲ. ಎಷ್ಟು ಚೆಂದ ಬಣ್ಣ ದೊಡ್ಡಮ್ಮ ಎಂದೆ.

ಅವಳು ನನ್ನ ಮುಖ ನೋಡಿದಳು. ಎದ್ದು ಒಳಗೆ ಹೋಗಿ, ಒಂದು ಪಾತ್ರೆಯಲ್ಲಿ ಹಾಲು ತಂದು ಮೆಟ್ಟಿಲ ಮೇಲಿಟ್ಟಳು. ಗೋಡೆಗೆ ಒರಗಿಸಿದ್ದ ಗುದ್ದಲಿಯನ್ನು ಅದರ ಪಕ್ಕಕ್ಕೆ ತಂದಿಟ್ಟಳು.

"ಕೂತಿರು," ಎಂದಳು. "ಕಾಫಿ ಮಾಡ್ಕಂಡ್ ಬರ್ತೀನಿ. ಸ್ವಲ್ಪ ಹೊತ್ತಾಗುತ್ತೆ."

ಒಳಗೆ ಪಾತ್ರೆಗಳ ಸದ್ದು ಶುರುವಾಯಿತು. ಅಡಿಗೆಮನೆಯ ಕಿಟಕಿ ಮುಚ್ಚಿಕೊಂಡಿತು. ನಾನು ಕಣ್ಣು ಒರೆಸಿಕೊಳ್ಳುತ್ತಾ ಅಗೆದೆ, ಗೆಡ್ಡೆ ಒಂದೂ ಉಳಿಯದಂತೆ ಅಗೆದೆ, ಚೀಲದ ಬಾಯಿ ಕಟ್ಟಿದೆ. ಪಾತ್ರೆಗಳ ಸದ್ದು ನಿಲ್ಲಲಿಲ್ಲ. ಹಾಲಿನಲ್ಲಿ ಕೈ ಅದ್ದಿ ಮೆಟ್ಟಿಲ ಮೇಲೆ ಕೂತು, ನಾನು ಎರಡು ಸಲ ಕೆಮ್ಮಿದ ಮೇಲೆ ಅವಳು ಹೊರಗೆ ಬಂದಳು. ಪಾತಿಯ ಕಡೆ ತಿರುಗಲಿಲ್ಲ. ಲೋಟ ನನ್ನ ಕೈಗೆ ಕೊಟ್ಟಳು. ಕರೀ ಕಾಫಿ. ಮನೆಯಲ್ಲಿದ್ದ ಹಾಲೆಲ್ಲ ನನ್ನ ಕೈ ಅದ್ದಲು ಇಟ್ಟುಬಿಟ್ಟಿದ್ದಳು.